ಕರಾವಳಿಯ ಕಾಂಕ್ರೀಟ್ ರಚನೆಗಳ ರಕ್ಷಣೆ

ಕಡಲಿನ ಉಪ್ಪಿನಿಂದ ಸೇತುವೆ, ಬಂದರುಕಟ್ಟೆ, ಕಟ್ಟಡ ಮೊದಲಾದವುಗಳೊಳಗಿನ ಉಕ್ಕಿನ ಸರಳುಗಳು ತುಕ್ಕು ಹಿಡಿಯದಂತೆ ಕೈಗೊಳ್ಳುವ ಕ್ರಮಗಳನ್ನು ಕರಾವಳಿಯ ಕಾಂಕ್ರೀಟ್ ರಚನೆಗಳ ರಕ್ಷಣೆ ಎನ್ನುತ್ತಾರೆ. ಈ ಕ್ರಮಗಳಲ್ಲಿ ಹೆಚ್ಚಿನವು ರಚನೆಯನ್ನು ಕಟ್ಟುವಾಗಲೇ ಆಗಬೇಕಾದವು.

== ತುಕ್ಕು ಹಿಡಿಯುವ ಬಗೆ ==
ಹೊಸ ಕಾಂಕ್ರೀಟು ತೀವ್ರ ಕ್ಷಾರಗುಣವುಳ್ಳದ್ದು. ಅದರ ಪಿಎಚ್ ಮೌಲ್ಯ 12.5ಕ್ಕಿಂತ ಹೆಚ್ಚು. ಈ ಕ್ಷಾರತೆಯಿಂದ ಉಕ್ಕಿನ ಮೇಲೆ ತೆಳುವಾದ ರಕ್ಷಾಪದರ ಉಂಟಾಗುತ್ತದೆ. ಸಮುದ್ರದ ನೀರಿನಲ್ಲಿ ಸುಮಾರು ಶೇ. 3.5ರಷ್ಟು ಲವಣವಿರುತ್ತದೆ. ಅದರಲ್ಲಿನ ಕ್ಲೋರೈಡ್ ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳ ಮೂಲಕ ಒಳಸೇರಿ ಈ ಪದರವನ್ನು ಭೇದಿಸುತ್ತದೆ. ತುಕ್ಕು ಮೂಲ ಲೋಹಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಆಕ್ರಮಿಸುವುದರಿಂದ ಕಾಂಕ್ರೀಟು ಬಿರುಕುಬಿಟ್ಟು ಉದುರುತ್ತದೆ.

ಸದಾ ನೀರಿನಲ್ಲಿ ಮುಳುಗಿರುವ ಭಾಗಕ್ಕೆ ಆಮ್ಲಜನಕ ದೊರೆಯುವುದು ಕಡಿಮೆಯಾದ್ದರಿಂದ ಅಲ್ಲಿ ತುಕ್ಕು ನಿಧಾನ. ಉಬ್ಬರವಿಳಿತಕ್ಕೂ ಅಲೆಗಳ ಎರಚಲಿಗೂ ಸಿಕ್ಕುವ ಭಾಗ ಒಮ್ಮೆ ನೆನೆದು ಒಮ್ಮೆ ಒಣಗುವುದರಿಂದ ಹಾನಿ ಅಲ್ಲಿಯೇ ಹೆಚ್ಚು.

== ನಿರ್ಮಾಣಕಾಲದ ಕ್ರಮಗಳು ==
ಸರಳಿನ ಮೇಲಿರುವ ಕಾಂಕ್ರೀಟಿನ ಹೊದಿಕೆಯೇ ಮೊದಲ ರಕ್ಷಣೆ. ಭಾರತೀಯ ಮಾನಕ ಐಎಸ್ 456:2000 ಕನಿಷ್ಠ ಹೊದಿಕೆಯನ್ನು ಹೀಗೆ ನಿಗದಿಪಡಿಸಿದೆ:

* ಸಮುದ್ರದಲ್ಲಿ ಮುಳುಗಿರುವ ಭಾಗ: 45 ಮಿ.ಮೀ., ಎಂ30 ದರ್ಜೆಯ ಕಾಂಕ್ರೀಟು
* ಎರಚಲಿಗೆ ಸಿಕ್ಕುವ ಭಾಗ: 50 ಮಿ.ಮೀ., ಎಂ35 ದರ್ಜೆ
* ಉಬ್ಬರವಿಳಿತದ ಭಾಗ: 75 ಮಿ.ಮೀ., ಎಂ40 ದರ್ಜೆ

ಹೊದಿಕೆಯ ದಪ್ಪ ಇಮ್ಮಡಿಯಾದರೆ ಉಪ್ಪು ಸರಳನ್ನು ತಲುಪಲು, ಸೈದ್ಧಾಂತಿಕವಾಗಿ, ಸುಮಾರು ನಾಲ್ಕು ಪಟ್ಟು ಕಾಲ ಬೇಕು. ಉಬ್ಬರವಿಳಿತದ ಭಾಗದಲ್ಲಿ ನೀರು ಮತ್ತು ಸಿಮೆಂಟಿನ ಅನುಪಾತ 0.40 ಮೀರಬಾರದು. ಹಾರುಬೂದಿ ಅಥವಾ ಊದುಕುಲುಮೆಯ ಕಿಟ್ಟದ ಪುಡಿಯನ್ನು ಬೆರೆಸಿ, ಸಿಹಿನೀರಿನಿಂದ ಸಾಕಷ್ಟು ದಿನ ಕ್ಯೂರಿಂಗ್ ಮಾಡಿದರೆ ರಂಧ್ರಗಳು ಕಿರಿದಾಗುತ್ತವೆ. ಉಪ್ಪು ತೊಳೆಯದ ಕಡಲಮರಳನ್ನು ಬಳಸಿದರೆ ಕ್ಲೋರೈಡ್ ಮೊದಲ ದಿನವೇ ಒಳಸೇರಿದಂತಾಗುತ್ತದೆ.

ಸ್ಟೇನ್‌ಲೆಸ್ ಉಕ್ಕಿನ ಸರಳುಗಳು ದುಬಾರಿಯಾದರೂ ದೀರ್ಘಕಾಲ ಬಾಳುತ್ತವೆ. ಮೆಕ್ಸಿಕೋದ ಪ್ರೊಗ್ರೆಸೊ ಬಂದರಿನಲ್ಲಿ 1940ರ ಸುಮಾರಿಗೆ ಇವುಗಳನ್ನು ಬಳಸಿ ಕಟ್ಟಿದ ಹಡಗುಕಟ್ಟೆ ಹಲವು ದಶಕಗಳ ಬಳಿಕವೂ ಬಳಕೆಯಲ್ಲಿ ಉಳಿಯಿತು. ಅದರ ಪಕ್ಕದಲ್ಲಿ ಸಾಮಾನ್ಯ ಉಕ್ಕಿನಿಂದ ತರುವಾಯ ಕಟ್ಟಿದ ಕಟ್ಟೆ ಶಿಥಿಲವಾಯಿತು.

== ದುರಸ್ತಿ ==
ಉದುರಿದ ಜಾಗಕ್ಕೆ ಮಾತ್ರ ಗಾರೆ ಮೆತ್ತುವುದು ಸಾಲದು. ಸುತ್ತಲಿನ ಹಳೆಯ ಕಾಂಕ್ರೀಟಿನಲ್ಲಿ ಉಳಿದ ಕ್ಲೋರೈಡ್‌ನಿಂದ ತೇಪೆಯ ಅಂಚಿನಲ್ಲಿ ತುಕ್ಕು ಮರುಕಳಿಸುತ್ತದೆ. ಆದ್ದರಿಂದ ಉಪ್ಪು ಸೇರಿದ ಕಾಂಕ್ರೀಟನ್ನು ಸರಳಿನ ಹಿಂಬದಿಯವರೆಗೂ ಕಡಿದು ತೆಗೆಯಬೇಕು. ಇನ್ನೊಂದು ವಿಧಾನ ಕ್ಯಾಥೋಡ್ ರಕ್ಷಣೆ. ಇದರಲ್ಲಿ ಸರಳಿಗೆ ಜೋಡಿಸಿದ ಸತುವಿನ ತುಂಡು ತಾನು ಸವೆದು ಉಕ್ಕನ್ನು ಉಳಿಸುತ್ತದೆ.

== ನಿರ್ಲಕ್ಷ್ಯದ ಪರಿಣಾಮ ==
ಕರ್ನಾಟಕದಲ್ಲಿ ಮಹದಾಯಿ ಎಂದು ಕರೆಯಲ್ಪಡುವ ನದಿಗೆ ಗೋವಾದಲ್ಲಿ ಮಾಂಡೋವಿ ಎಂದು ಹೆಸರು. ಪಣಜಿಯಲ್ಲಿ ಇದಕ್ಕೆ ಕಟ್ಟಿದ್ದ ಸೇತುವೆ ಎರಡು ದಶಕವೂ ಬಾಳದೆ 1986ರ ಜುಲೈನಲ್ಲಿ ಕುಸಿಯಿತು. ಕಾಂಕ್ರೀಟನ್ನು ಬಿಗಿದು ಹಿಡಿದಿದ್ದ ಉಕ್ಕಿನ ಕೇಬಲ್‌ಗಳು ತುಕ್ಕು ಹಿಡಿದದ್ದು ಇದಕ್ಕೆ ಮುಖ್ಯ ಕಾರಣವೆಂದು ಪರಿಗಣಿಸಲಾಗಿದೆ. ಇಂತಹ ಕೇಬಲ್‌ಗಳು ಹೊರಗೆ ಹೆಚ್ಚಿನ ಬಿರುಕು ಕಾಣಿಸದೆಯೂ ತುಂಡಾಗಬಹುದು. ಆದುದರಿಂದ ಕರಾವಳಿಯ ಸೇತುವೆಗಳಿಗೆ ಕಣ್ಣಳತೆಯ ತಪಾಸಣೆಯೊಂದೇ ಸಾಕಾಗದು. ಕ್ಲೋರೈಡ್ ಪ್ರಮಾಣದ ಮತ್ತು ಉಕ್ಕಿನ ಸ್ಥಿತಿಯ ನಿಯತಕಾಲಿಕ ಪರೀಕ್ಷೆಯೂ ಅಗತ್ಯ.