ಐಬನೆಜ್ ಎಂದರೆ ತಪ್ಪೇ? ಗಿಟಾರ್ ಹೆಸರುಗಳ ಉಚ್ಚಾರಣೆ

ಅಂಗಡಿಯಲ್ಲಿ ಬ್ರ್ಯಾಂಡ್ ಹೆಸರು ಹೇಳಲು ಮುಜುಗರವಾಗಿ ‘ಅದು ಕೊಡಿ’ ಎಂದು ಬೆರಳು ತೋರಿಸುವವರಿದ್ದಾರೆ. ತಿದ್ದುವವರೂ ಕಡಿಮೆಯಿಲ್ಲ. ‘ಐಬನೆಜ್ ಅನ್ನಬೇಡಿ, ಅದು ಸ್ಪ್ಯಾನಿಷ್ ಹೆಸರು, ಇಬಾನ್ಯೆತ್ ಅನ್ನಿ’ ಎಂಬ ಮಾತು ಅರ್ಧ ಮಾತ್ರ ನಿಜ.

ಸಾಲ್ವದೋರ್ ಇಬಾನ್ಯೆತ್ ಸ್ಪೇನಿನ ವಲೆನ್ಸಿಯಾದ ಗಿಟಾರ್ ತಯಾರಕರು. ಆದರೆ ಇಂದಿನ ಬ್ರ್ಯಾಂಡ್ ಜಪಾನಿನ ಹೊಶಿನೊ ಗಕ್ಕಿ ಕಂಪನಿಯದು. 1929ರಿಂದ ಸ್ಪೇನಿನ ಆ ಗಿಟಾರ್‌ಗಳನ್ನು ತರಿಸುತ್ತಿದ್ದ ಕಂಪನಿ ಆಮೇಲೆ ಹೆಸರನ್ನೂ ತನ್ನದಾಗಿಸಿಕೊಂಡಿತು. ಜಪಾನಿನಲ್ಲಿ ಅದನ್ನು ಬರೆಯುವುದೇ ‘ಐಬನೀಜು’ ಎಂದು. ಹಾಗಾಗಿ ಆ ಕುಶಲಕರ್ಮಿಯನ್ನು ಇಬಾನ್ಯೆತ್ ಎನ್ನಿ, ಗಿಟಾರನ್ನು ಧಾರಾಳವಾಗಿ ಐಬನೆಜ್ ಎನ್ನಿ.

‘ಟಕಮೈನ್’ ಮಾತ್ರ ನಿಜಕ್ಕೂ ತಪ್ಪು. ಇಂಗ್ಲಿಷ್ ಕಾಗುಣಿತ ನೋಡಿ ಓದಿದ್ದರ ಫಲ ಅದು. ಜಪಾನಿನ ಒಂದು ಬೆಟ್ಟದ ಹೆಸರಾದ ಇದು ‘ತಕಮಿನೆ’, ನಾಲ್ಕೂ ಅಕ್ಷರ ಹ್ರಸ್ವ. ಇಂಗ್ಲಿಷಿನವರಿಗೆ ಕಷ್ಟ, ಕನ್ನಡಿಗರಿಗೆ ಬರೆದಂತೆ ಓದಿದರೆ ಸಾಕು. ಯಮಹಾ ಕೂಡ ಹಾಗೆಯೇ. ‘ಯಾಮಾಹಾ’ ಎಂದು ಎಳೆಯಬೇಕಿಲ್ಲ.

ಎಪಿಫೋನ್‌ಗೆ ‘ಐಫೋನ್’ ಗಾಳಿ ಸೋಕಿಸಬೇಡಿ. ಎಪಾಮಿನೊಂಡಾಸ್ ಸ್ಟಾಥೊಪೌಲೊ ಅವರ ಅಡ್ಡಹೆಸರು ‘ಎಪಿ’, ಅದಕ್ಕೆ ‘ಫೋನ್’ ಸೇರಿದೆ ಅಷ್ಟೆ.

ನಮ್ಮ ಲಿಪಿ ಸೋಲುವುದು ಜರ್ಮನಿಯ ಹೋಫ್ನರ್ ಮುಂದೆ, ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ನುಡಿಸಿದ ಪಿಟೀಲಿನಾಕಾರದ ಬೇಸ್ ಗಿಟಾರ್. ಅದರ ಮೊದಲ ಸ್ವರ ಕನ್ನಡದಲ್ಲಿಲ್ಲ. ನಾಲಿಗೆಯನ್ನು ‘ಏ’ ಎನ್ನುವಂತೆ ಇಟ್ಟು, ತುಟಿಯನ್ನು ‘ಓ’ ಎನ್ನುವಂತೆ ದುಂಡಗೆ ಮಾಡಿ ಉಸುರಿ. ಹೆಚ್ಚುಕಡಿಮೆ ಬಂದೇಬಿಡುತ್ತದೆ.