ಗ್ರಂಥಸೂಚಿಗಳ ಪರಸ್ಪರ ಸಂಯೋಜನೆ ಮತ್ತು ಕರ್ತೃನಿರ್ಣಯ

ಗೊಮ್ಮಟಸಾರದ ಸಂಸ್ಕೃತ ಟೀಕೆಯಾದ ‘ಜೀವತತ್ತ್ವಪ್ರದೀಪಿಕೆ’ಯು ಕೇಶವವರ್ಣಿಗಳ ಕೃತಿಯೆಂದು ಬಹುಕಾಲ ನಂಬಲಾಗಿತ್ತು. 1940ರ ಸುಮಾರಿಗೆ ಡಾ. ಆ. ನೇ. ಉಪಾಧ್ಯೆಯವರು ಆಧಾರಗಳನ್ನು ಪರಿಶೀಲಿಸಿ ಈ ಅಭಿಪ್ರಾಯವನ್ನು ತಿದ್ದಿದರು. ಕೇಶವವರ್ಣಿಗಳು ಶಕವರ್ಷ 1281ರಲ್ಲಿ (ಕ್ರಿ.ಶ. 1359) ರಚಿಸಿದುದು ಕನ್ನಡ ವೃತ್ತಿ. ಅದನ್ನು ಅನುಸರಿಸಿ ಸಂಸ್ಕೃತ ಟೀಕೆಯನ್ನು ಬರೆದವರು ಹದಿನಾರನೆಯ ಶತಮಾನದ ನೇಮಿಚಂದ್ರರು. ಮೂಲಗ್ರಂಥದ ಕರ್ತೃಗಳಾದರೋ ಚಾವುಂಡರಾಯನ ಕಾಲದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು. ಹೀಗೆ ಒಂದೇ ಗ್ರಂಥದ ಸುತ್ತ ಒಂದೇ ಹೆಸರಿನ ಇಬ್ಬರು ಕರ್ತೃಗಳೂ, ಒಂದೇ ಹೆಸರಿನ ಎರಡು ವ್ಯಾಖ್ಯಾನಗಳೂ ಸೇರಿಕೊಂಡಿವೆ.

ಉಪಾಧ್ಯೆಯವರ ನಿರ್ಣಯವು ವಿದ್ವಾಂಸರಲ್ಲಿ ಮನ್ನಣೆ ಪಡೆಯಿತು. ಆದರೆ ಒಂದು ಲೇಖನದಲ್ಲಿ ಆದ ತಿದ್ದುಪಡಿಯು ಅದಾಗಲೇ ಮುದ್ರಿತವಾದ ಸೂಚಿಗಳನ್ನು ತಿದ್ದಲಾರದು. ಪ್ರತಿಯೊಂದು ಭಂಡಾರದ ಸೂಚಿಕಾರನೂ ಆ ಲೇಖನವನ್ನು ಓದಿ, ತನ್ನ ಪಟ್ಟಿಯನ್ನು ತಾನೇ ಸರಿಪಡಿಸಿಕೊಳ್ಳಬೇಕು. ಗ್ರಂಥಾಲಯಗಳ ಸೂಚಿಗಳನ್ನು ಒಂದಕ್ಕೊಂದು ಹೊಂದಿಸುವ ಇತ್ತೀಚಿನ ಪ್ರಯತ್ನಗಳ ಮಹತ್ತ್ವವು ಈ ಹಿನ್ನೆಲೆಯಲ್ಲಿ ಸ್ಪಷ್ಟವಾಗುತ್ತದೆ.

ಚದುರಿದ ಭಂಡಾರಗಳನ್ನು ಒಂದೇ ಸೂತ್ರದಲ್ಲಿ ಪೋಣಿಸುವ ಯತ್ನ ಹೊಸದೇನೂ ಅಲ್ಲ. ಜರ್ಮನ್ ವಿದ್ವಾಂಸ ಥಿಯೋಡೋರ್ ಔಫ್ರೆಖ್ಟ್ ಅವರ ‘ಕ್ಯಾಟಲಾಗಸ್ ಕ್ಯಾಟಲಾಗೋರಮ್’ 1891, 1896 ಮತ್ತು 1903ರಲ್ಲಿ ಮೂರು ಭಾಗಗಳಾಗಿ ಲೈಪ್‌ಜಿಗ್‌ನಿಂದ ಹೊರಬಂದಿತು. ಅದನ್ನು ಪರಿಷ್ಕರಿಸಿ ವಿಸ್ತರಿಸುವ ಕಾರ್ಯವನ್ನು ಮದರಾಸು ವಿಶ್ವವಿದ್ಯಾನಿಲಯವು 1935ರಲ್ಲಿ ಕೈಗೊಂಡಿತು. ಜೈನ ಗ್ರಂಥಗಳಿಗೇ ಮೀಸಲಾದ ‘ಜಿನರತ್ನಕೋಶ’ವನ್ನು ಎಚ್. ಡಿ. ವೇಲಣಕರ್ ಅವರು ಸಿದ್ಧಪಡಿಸಿದರು. ಪುಣೆಯ ಭಂಡಾರಕರ್ ಸಂಸ್ಥೆ ಅದನ್ನು 1944ರಲ್ಲಿ ಪ್ರಕಟಿಸಿತು. 1948ರಲ್ಲಿ ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಮೂಡಬಿದಿರೆ, ಕಾರ್ಕಳ ಮೊದಲಾದೆಡೆಗಳ ತಾಡಪತ್ರಗ್ರಂಥಗಳ ಸೂಚಿಯನ್ನು ಭಾರತೀಯ ಜ್ಞಾನಪೀಠದ ಮೂಲಕ ಹೊರತಂದರು. ಇವುಗಳ ಉಪಕಾರ ಅಪಾರವಾದುದು. ಆದರೂ ಇವುಗಳಲ್ಲಿ ಹೆಚ್ಚಿನವು ಹೆಸರನ್ನು ಆಧಾರವಾಗಿಟ್ಟುಕೊಂಡು ಅಕ್ಷರಕ್ರಮದಲ್ಲಿ ನಡೆಯುವ ಸೂಚಿಗಳು. ಹೆಸರೇ ಸಂದೇಹಾಸ್ಪದವಾದಲ್ಲಿ ಅಕ್ಷರಕ್ರಮವು ನೆರವಿಗೆ ಬಾರದು.

ಹೆಸರಿನ ತೊಡಕು ಎರಡು ಬಗೆಯದು. ಒಂದು ಹೆಸರಿಗೆ ಹಲವು ವ್ಯಕ್ತಿಗಳಿರುವುದು ಮೊದಲನೆಯದು. ಮೇಲೆ ಹೇಳಿದ ಇಬ್ಬರಲ್ಲದೆ, ‘ಲೀಲಾವತಿ’ಯ ಕನ್ನಡ ಕವಿ ನೇಮಿಚಂದ್ರನೂ, ‘ಪ್ರವಚನಸಾರೋದ್ಧಾರ’ದ ಶ್ವೇತಾಂಬರ ಆಚಾರ್ಯರಾದ ನೇಮಿಚಂದ್ರಸೂರಿಗಳೂ ಇದ್ದಾರೆ. ಒಬ್ಬ ವ್ಯಕ್ತಿಗೆ ಹಲವು ಹೆಸರುಗಳಿರುವುದು ಎರಡನೆಯದು. ಪೂಜ್ಯಪಾದರಿಗೆ ದೇವನಂದಿ, ಜಿನೇಂದ್ರಬುದ್ಧಿ ಎಂಬ ಹೆಸರುಗಳೂ ಇದ್ದುವೆಂದು ಶ್ರವಣಬೆಳಗೊಳದ ಶಾಸನಗಳಿಂದ ತಿಳಿದುಬರುತ್ತದೆ. ಆದರೆ ಕಾಶಿಕಾವೃತ್ತಿಗೆ ‘ನ್ಯಾಸ’ವನ್ನು ಬರೆದ ಬೌದ್ಧ ವೈಯಾಕರಣನ ಹೆಸರೂ ಜಿನೇಂದ್ರಬುದ್ಧಿಯೇ. ಇಬ್ಬರೂ ವ್ಯಾಕರಣಕಾರರಾದುದರಿಂದ ವಿಷಯವಿಭಾಗವನ್ನು ನೋಡಿಯೂ ಭೇದವನ್ನು ಗುರುತಿಸಲಾಗದು.

ಇದಕ್ಕೆ ಪರಿಹಾರವೆಂದರೆ ಹೆಸರನ್ನು ಬಿಟ್ಟು ವ್ಯಕ್ತಿಗೇ ಒಂದು ಸ್ಥಿರವಾದ ಗುರುತನ್ನು ಕೊಡುವುದು. 2006ರಲ್ಲಿ ಟಿಮ್ ಬರ್ನರ್ಸ್-ಲೀ ಅವರು ನಿರೂಪಿಸಿದ ‘ಲಿಂಕ್ಡ್ ಡೇಟಾ’ ಎಂಬ ಕ್ರಮದ ಸಾರವೂ ಇದೇ. ಪ್ರತಿಯೊಂದು ವಸ್ತುವಿಗೆ, ವ್ಯಕ್ತಿಗೆ, ಕೃತಿಗೆ ಅಂತರ್ಜಾಲದಲ್ಲಿ ತನ್ನದೇ ಆದ ವಿಳಾಸವಿರಬೇಕು. ಆ ವಿಳಾಸಕ್ಕೆ ಹೋದವರಿಗೆ ಉಪಯುಕ್ತವಾದ ವಿವರ ದೊರೆಯಬೇಕು. ಅಲ್ಲಿಂದ ಸಂಬಂಧಪಟ್ಟ ಇತರ ವಿಳಾಸಗಳಿಗೆ ದಾರಿಯಿರಬೇಕು. ವಿವರಗಳನ್ನು ಮೂರು ಅಂಗಗಳ ಕಿರುವಾಕ್ಯಗಳಾಗಿ ಬರೆಯಲಾಗುತ್ತದೆ. ‘ಈ ಟೀಕೆ – ಕರ್ತೃ – ಈ ನೇಮಿಚಂದ್ರ’ ಎಂಬುದು ಒಂದು ವಾಕ್ಯ. ‘ಈ ಟೀಕೆ – ಆಧಾರ – ಕೇಶವವರ್ಣಿಯ ವೃತ್ತಿ’ ಎಂಬುದು ಇನ್ನೊಂದು. ನಾಗರಿ, ಕನ್ನಡ, ರೋಮನ್ ಲಿಪಿಗಳಲ್ಲಿ ಹೆಸರು ಹೇಗೆಯೇ ಬರೆಯಲ್ಪಡಲಿ, ಗುರುತು ಮಾತ್ರ ಒಂದೇ. ಹತ್ತು ಭಂಡಾರಗಳ ಸೂಚಿಗಳು ಒಂದೇ ಗುರುತನ್ನು ಅವಲಂಬಿಸಿದ್ದರೆ, ಅಲ್ಲಿ ಆದ ಒಂದು ತಿದ್ದುಪಡಿಯು ಹತ್ತೂ ಸೂಚಿಗಳ ಓದುಗರಿಗೆ ತಲಪುತ್ತದೆ.

ಈ ದಾರಿಯಲ್ಲಿ ಯುರೋಪು, ಅಮೆರಿಕಗಳ ಗ್ರಂಥಾಲಯಗಳು ಮೊದಲು ಹೆಜ್ಜೆಯಿಟ್ಟವು. ಕರ್ತೃನಾಮಗಳ ಅಧಿಕೃತ ಪಟ್ಟಿಗಳನ್ನು ಹೊಂದಿಸುವ ‘ವಯಾಫ್’ ಯೋಜನೆಗೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, ಜರ್ಮನಿಯ ರಾಷ್ಟ್ರೀಯ ಗ್ರಂಥಾಲಯ ಮತ್ತು ಓಸಿಎಲ್‌ಸಿ ಸಂಸ್ಥೆಗಳು 2003ರಲ್ಲಿ ಒಪ್ಪಂದ ಮಾಡಿಕೊಂಡವು. ಸ್ವೀಡನ್ನಿನ ಸಂಯುಕ್ತಸೂಚಿಯಾದ ‘ಲಿಬ್ರಿಸ್’ 2008ರಲ್ಲಿ ಹೊಸ ಕ್ರಮಕ್ಕೆ ತೆರೆದುಕೊಂಡಿತು. 2009ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ವಿಷಯಶೀರ್ಷಿಕೆಗಳನ್ನೂ, 2011ರಲ್ಲಿ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯವು ತನ್ನ ಕರ್ತೃ-ಕೃತಿಗಳ ವಿವರಗಳನ್ನೂ ಹೀಗೆ ಪ್ರಕಟಿಸಿದವು. 2012ರಲ್ಲಿ ಆರಂಭವಾದ ‘ವಿಕಿಡೇಟಾ’ವು ಇಂತಹ ಹಲವು ಗುರುತುಗಳನ್ನು ಒಂದೆಡೆ ಸೇರಿಸುವ ಸಂಧಿಸ್ಥಾನವಾಯಿತು.

ಗುರುತುಗಳನ್ನು ಹೊಂದಿಸುವ ಕೆಲಸದ ಬಹುಭಾಗವನ್ನು ಗಣಕಯಂತ್ರವೇ ಮಾಡುತ್ತದೆ. ಅಪಾಯವಿರುವುದೂ ಇಲ್ಲಿಯೇ. ಯಂತ್ರವು ಹೆಸರು, ಕಾಲ, ಕೃತಿನಾಮಗಳ ಸಾದೃಶ್ಯವನ್ನು ನೋಡುತ್ತದೆ. ಪ್ರಶಸ್ತಿಪದ್ಯವನ್ನೂ ಗುರುಪರಂಪರೆಯನ್ನೂ ವಿವೇಚಿಸಿ ನಿರ್ಣಯಿಸುವ ಹೊಣೆ ವಿದ್ವಾಂಸನದೇ. ಇಬ್ಬರು ನೇಮಿಚಂದ್ರರನ್ನು ಒಬ್ಬರೆಂದು ಒಮ್ಮೆ ಸೇರಿಸಿಬಿಟ್ಟರೆ, ತಿದ್ದುಪಡಿ ಹರಡುವಷ್ಟೇ ವೇಗದಲ್ಲಿ ತಪ್ಪೂ ಹರಡುತ್ತದೆ. ‘ದ್ರವ್ಯಸಂಗ್ರಹ’ದ ಕರ್ತೃಗಳು ಸಿದ್ಧಾಂತಚಕ್ರವರ್ತಿಗಳೇ ಎಂಬುದು ಪರಂಪರೆಯ ಮತ, ಅನಂತರದ ಬೇರೊಬ್ಬ ನೇಮಿಚಂದ್ರರೆಂಬುದು ಕೆಲವು ಸಂಶೋಧಕರ ಮತ. ಇಂತಹ ಕಡೆಗಳಲ್ಲಿ ಎರಡು ಗುರುತುಗಳನ್ನು ಬೇರೆಯಾಗಿಯೇ ಉಳಿಸಿ, ಪ್ರತಿಯೊಂದು ಮತಕ್ಕೂ ಆಧಾರವನ್ನು ಸೂಚಿಸುವುದು ಯುಕ್ತ. ಕೂಡಿಸಿದುದನ್ನು ಮತ್ತೆ ಬಿಡಿಸುವುದಕ್ಕಿಂತ ಬೇರೆಯಾಗಿರುವುದನ್ನು ಮುಂದೆ ಕೂಡಿಸುವುದು ಸುಲಭ.

ಸೂಚಿಯನ್ನು ಹೀಗೆ ತೆರೆದಿಟ್ಟರೆ ಹಸ್ತಪ್ರತಿಯ ಮೇಲಿನ ಅಧಿಕಾರ ತಪ್ಪಿಹೋದೀತೆಂಬ ಶಂಕೆ ಭಂಡಾರಗಳ ಪಾಲಕರಲ್ಲಿ ಮೂಡುವುದು ಸಹಜ. ಇಲ್ಲಿ ಮುಕ್ತವಾಗುವುದು ಗ್ರಂಥವಲ್ಲ, ಗ್ರಂಥದ ವಿವರ. ‘ಯುರೋಪಿಯಾನಾ’ ಸಂಸ್ಥೆಯು 2012ರಲ್ಲಿ ಸುಮಾರು ಎರಡು ಕೋಟಿ ವಸ್ತುಗಳ ವಿವರಗಳನ್ನು ಯಾರು ಬೇಕಾದರೂ ಬಳಸುವಂತೆ ಬಿಟ್ಟುಕೊಟ್ಟಿತು. ವಸ್ತುಗಳು ಆಯಾ ಸಂಗ್ರಹಾಲಯಗಳಲ್ಲಿಯೇ ಉಳಿದವು. ಓಲೆಯ ಕಟ್ಟು ಬಸದಿಯಲ್ಲಿಯೇ ಇದ್ದು, ಅದರ ಕರ್ತೃ, ಲಿಪಿಕಾರ, ಕಾಲ, ಗರಿಗಳ ಸಂಖ್ಯೆ ಲೋಕಕ್ಕೆ ತಿಳಿಯುವುದರಿಂದ ಭಂಡಾರಕ್ಕೆ ನಷ್ಟವಿಲ್ಲ. ಕ್ರಿ.ಶ. 816ರಲ್ಲಿ ಪೂರ್ಣಗೊಂಡ ವೀರಸೇನಾಚಾರ್ಯರ ‘ಧವಲಾ’ ಟೀಕೆಯು ಮೂಡಬಿದಿರೆಯ ಓಲೆಗಳಲ್ಲಿ ಉಳಿದುಬಂದು, ಮುದ್ರಣಗೊಳ್ಳತೊಡಗಿದುದು 1939ರಲ್ಲಿ. ಗ್ರಂಥವನ್ನು ಉಳಿಸಿದ ಕೀರ್ತಿ ಆ ಭಂಡಾರದ್ದು. ಅದು ಅಲ್ಲಿದೆಯೆಂಬ ಅರಿವೇ ಮುಂದಿನ ಅಧ್ಯಯನಕ್ಕೆ ಬೀಜವಾಯಿತು.

ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಅತ್ತಿಮಬ್ಬೆಯ ಶಾಸ್ತ್ರದಾನವು ಜೈನಸಮಾಜಕ್ಕೆ ಪರಿಚಿತವಾದುದೇ. ಅಂದು ಪ್ರತಿಗಳು ಹೆಚ್ಚಿದುದರಿಂದ ಗ್ರಂಥ ಉಳಿಯಿತು. ಇಂದು ಒಂದು ಪ್ರತಿಯ ಇರವನ್ನೂ ಅದರ ಕರ್ತೃವನ್ನೂ ನಿರ್ದುಷ್ಟವಾಗಿ ಗುರುತಿಸಿ ಎಲ್ಲರಿಗೂ ತಿಳಿಯಪಡಿಸುವುದು ಅದೇ ದಾನದ ಇನ್ನೊಂದು ರೂಪ. ಸಂಯೋಜನೆಗೆ ಯಂತ್ರ ಸಾಧನವಾದೀತು. ಆ ಗುರುತಿನ ಪ್ರಾಮಾಣ್ಯ ಮಾತ್ರ ಓಲೆಯನ್ನು ಓದಬಲ್ಲ ಪಂಡಿತರಿಂದಲೇ ಬರಬೇಕು.