ತರಗತಿ ಬಳಗ: ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಪ್ರಾಥಮಿಕ ಶಾಲೆಗಳಲ್ಲಿ

ಚಿಕ್ಕ ತರಗತಿಯ ಮಕ್ಕಳು ಮೇಷ್ಟ್ರಿಗೆ ಹೆದರದೆ, ಒಬ್ಬರಿಗೊಬ್ಬರು ಆಸರೆಯಾಗಿ, ಕೂಡಿ ಕಲಿಯುವ ಏರ್ಪಾಟನ್ನು ಇಲ್ಲಿ ತರಗತಿ ಬಳಗ ಎಂದಿದೆ. ಚಿಕ್ಕಮಗಳೂರು ಜಿಲ್ಲೆಯ ಬಯಲು ಮತ್ತು ಅರೆಮಲೆನಾಡು ಭಾಗವಾದ ಕಡೂರು, ತರೀಕೆರೆ ಹಾಗೂ ಈಚೆಗೆ ತರೀಕೆರೆಯಿಂದ ಬೇರೆಯಾದ ಅಜ್ಜಂಪುರ ತಾಲ್ಲೂಕುಗಳಲ್ಲಿ ಇದು ಬೆಳೆದುಬಂದ ದಾರಿ ರಾಜ್ಯದ ಒಟ್ಟು ಶಾಲಾ ಚರಿತ್ರೆಯ ಜೊತೆಗೇ ಸಾಗುತ್ತದೆ. ಇದನ್ನು ಹೊಸ ಶಿಕ್ಷಣಶಾಸ್ತ್ರದ ಕೊಡುಗೆಯೆಂದು ಬರೆಯುವುದು ವಾಡಿಕೆ. ಅದು ಅರ್ಧ ಮಾತ್ರ ನಿಜ. ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುವ ಪದ್ಧತಿ ಕೂಲಿಮಠದ ಕಾಲದಲ್ಲೇ ಇತ್ತು. ಆಗ ಇಲ್ಲದೆ ಇದ್ದದ್ದು ಎರಡು: ಎಲ್ಲ ಜಾತಿಯ ಮಕ್ಕಳಿಗೂ ಒಂದೇ ಚಾಪೆ, ಮತ್ತು ಬೆತ್ತವಿಲ್ಲದ ದಿನ.

ಕೂಲಿಮಠ

ಸರ್ಕಾರಿ ಶಾಲೆ ಬರುವ ಮೊದಲು ಊರಿನ ಗುಡಿಯ ಪೌಳಿಯಲ್ಲೋ ಯಾರದಾದರೂ ಮನೆಯ ಜಗಲಿಯಲ್ಲೋ ಐಗಳು ಮಠ ನಡೆಸುತ್ತಿದ್ದರು. ಸಂಬಳ ದವಸದ ರೂಪದಲ್ಲಿ ಬರುತ್ತಿತ್ತು. ಮಹಾನವಮಿಯಲ್ಲಿ ಹುಡುಗರು ಬಣ್ಣದ ಬಿಲ್ಲು ಹಿಡಿದು ಮನೆಮನೆಗೆ ಹೋಗಿ ಪದ ಹಾಡಿದರೆ ಸಿಕ್ಕ ಕಾಣಿಕೆ ಐಗಳಿಗೆ ಸೇರುತ್ತಿತ್ತು. ಮರಳ ಮೇಲೆ ಅಕ್ಷರ ತಿದ್ದುವುದು, ಮಗ್ಗಿ ಒಪ್ಪಿಸುವುದು, ಕಾಗದಪತ್ರ ಓದುವುದು, ಕೊನೆಗೆ ಕಾವ್ಯ. ಆ ಕಾವ್ಯಗಳಲ್ಲಿ ಕನ್ನಡ ನಾಡಿನ ತುಂಬ ಹೆಚ್ಚು ಓದಿಸುತ್ತಿದ್ದವುಗಳಲ್ಲಿ ಒಂದು ಜೈಮಿನಿ ಭಾರತ. ಅದನ್ನು ಬರೆದ ಲಕ್ಷ್ಮೀಶನ ಊರೆಂದು ಕಡೂರು ತಾಲ್ಲೂಕಿನ ದೇವನೂರನ್ನು ಹೇಳುತ್ತಾರೆ (ನಂಜನಗೂಡಿನ ದೇವನೂರು ಬೇರೆ).

ಮಠದ ಒಳಗಿನ ದಿನಚರಿಯನ್ನು ಕಣ್ಣಿಗೆ ಕಟ್ಟುವಂತೆ ಬರೆದವನು ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್. 1823ರಲ್ಲಿ ಮದರಾಸಿಗೆ ಕಳಿಸಿದ ವರದಿಯಲ್ಲಿ ಅವನು ತನ್ನ ಜಿಲ್ಲೆಯ 533 ಮಠಗಳ, 6,641 ವಿದ್ಯಾರ್ಥಿಗಳ ಲೆಕ್ಕ ಕೊಟ್ಟಿದ್ದಾನೆ. ಬೆಳಿಗ್ಗೆ ಮೊದಲು ಬಂದ ಹುಡುಗನ ಅಂಗೈಯಲ್ಲಿ ಗೌರವಕ್ಕಾಗಿ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ: ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದೇಟು, ನಾಲ್ಕನೆಯವನಿಗೆ ಎರಡು. ಆಮೇಲೆ ಬಂದ ಒಬ್ಬೊಬ್ಬನಿಗೂ ಒಂದೊಂದು ಹೆಚ್ಚು. ಇಡೀ ಊರಿನ ಹುಡುಗರು ನಸುಕಿನಲ್ಲೇ ಓಡಿಬರುವಂತೆ ಮಾಡುವ ಲೆಕ್ಕಾಚಾರ ಇದು. ತಪ್ಪು ದೊಡ್ಡದಾದರೆ ಕೋದಂಡ, ಅಂದರೆ ತೊಲೆಗೆ ಕಟ್ಟಿದ ಹಗ್ಗ ಹಿಡಿದು ಜೋತಾಡುವ ಶಿಕ್ಷೆ.

ಅದೇ ಕ್ಯಾಂಪ್‌ಬೆಲ್ ಮೆಚ್ಚಿಕೊಂಡದ್ದೂ ಒಂದಿತ್ತು. ಮುಂದುವರಿದ ಹುಡುಗರು ಹಿಂದಿನವರಿಗೆ ಕಲಿಸುವ ಕ್ರಮ ಇಂಗ್ಲೆಂಡಿನವರು ಅನುಕರಿಸಿದ್ದಕ್ಕೆ ಯೋಗ್ಯವಾದದ್ದೇ ಎಂದು ಅವನು ಬರೆದ. ಮದರಾಸಿನ ಅನಾಥಾಲಯದ ಮೇಲ್ವಿಚಾರಕನಾಗಿದ್ದ ಆಂಡ್ರ್ಯೂ ಬೆಲ್ ಇಲ್ಲಿನ ಜಗಲಿ ಶಾಲೆಗಳನ್ನು ನೋಡಿ 1790ರ ದಶಕದಲ್ಲಿ ಈ ಕ್ರಮವನ್ನು ತನ್ನ ದೇಶಕ್ಕೆ ಒಯ್ದಿದ್ದ. ಅಲ್ಲಿ ಅದರ ಹೆಸರೇ ಮದರಾಸು ಪದ್ಧತಿ ಎಂದಾಯಿತು. ನಮ್ಮ ಮಠಗಳಿಗೆ ಈ ಸುದ್ದಿ ಮುಟ್ಟಿದಂತಿಲ್ಲ.

ಹೋಬಳಿ ಶಾಲೆ

ಮೈಸೂರು ಸಂಸ್ಥಾನದಲ್ಲಿ ವಿದ್ಯಾ ಇಲಾಖೆ ಆರಂಭವಾದದ್ದು 1857ರಲ್ಲಿ. ಕಡೂರು 1863ರಲ್ಲಿ ಜಿಲ್ಲೆಯಾಯಿತು. ಎರಡು ವರ್ಷದಲ್ಲಿ ಜಿಲ್ಲಾ ಕೇಂದ್ರ ಚಿಕ್ಕಮಗಳೂರಿಗೆ ಹೋದರೂ ಕಡೂರು ಜಿಲ್ಲೆ ಎಂಬ ಹೆಸರು 1947ರವರೆಗೆ ಉಳಿದಿತ್ತು. ಶಾಸನತಜ್ಞರೆಂದು ಹೆಸರಾದ ಬಿ. ಎಲ್. ರೈಸ್ 1868ರಲ್ಲಿ ರೂಪಿಸಿದ ಹೋಬಳಿ ಶಾಲೆಗಳ ಯೋಜನೆ ಹಳ್ಳಿಗಾಡಿಗೆ ಸರ್ಕಾರದ ಪಾಠಶಾಲೆಯನ್ನು ತಂದಿತು. ಊರಿನ ಐಗಳನ್ನೇ ಆರಿಸಿ, ತರಬೇತಿ ಕೊಟ್ಟು ಮೇಷ್ಟ್ರನ್ನಾಗಿ ಮಾಡುವುದು ಅದರ ಜಾಣತನ.

ಹಾಜರಿ ಪುಸ್ತಕ, ಗಂಟೆ, ಅಚ್ಚಾದ ಪಠ್ಯ, ಇನ್ಸ್‌ಪೆಕ್ಟರರ ತಪಾಸಣೆ ಬಂದವು. ವಯಸ್ಸಿಗೆ ತಕ್ಕಂತೆ ತರಗತಿಗಳು ಬೇರೆಯಾದವು, ಮಕ್ಕಳು ಸಾಲಾಗಿ ಕಪ್ಪುಹಲಗೆಯ ಕಡೆ ಮುಖಮಾಡಿ ಕುಳಿತರು. ಬೆತ್ತ ಮಾತ್ರ ಹಳೆಯ ಮಠದಿಂದ ಹೊಸ ಶಾಲೆಗೆ ನೇರವಾಗಿ ನಡೆದುಬಂತು. ಅಕ್ಕಪಕ್ಕದವರಿಗೆ ಹೇಳಿಕೊಡುವ ಅಭ್ಯಾಸ ಹಿಂದೆ ಉಳಿಯಿತು. ಪಕ್ಕದವನಿಗೆ ಪಿಸುಗುಟ್ಟುವುದು ತಪ್ಪೆನಿಸಿದ್ದು ಈ ಕಾಲದಲ್ಲಿ. ಶಾಲೆಗಳ ಸಂಖ್ಯೆ ಬೆಳೆದರೂ ತರಗತಿಯ ಒಳಗಿನ ಬದುಕಿನ ಮಟ್ಟಿಗೆ ಇದನ್ನು ಹಿನ್ನಡೆಯೆಂದೇ ಹೇಳಬೇಕು.

1913ರಲ್ಲಿ, ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, ಪ್ರಾಥಮಿಕ ಶಿಕ್ಷಣದ ಶಾಸನ ಬಂದು ಆಯ್ದ ಊರುಗಳಲ್ಲಿ ಕಡ್ಡಾಯ ಕಲಿಕೆಗೆ ದಾರಿಯಾಯಿತು. ಅದಕ್ಕಿಂತ ದೊಡ್ಡ ಬದಲಾವಣೆ ಅದೇ ದಶಕದ ಇನ್ನೊಂದು ತೀರ್ಮಾನದ್ದು: ಸರ್ಕಾರಿ ಶಾಲೆಯ ಬಾಗಿಲು ಎಲ್ಲ ಜಾತಿಯ ಮಕ್ಕಳಿಗೂ ತೆರೆದಿರಬೇಕು. ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿದ್ದ ಸಿ. ಆರ್. ರೆಡ್ಡಿ ಇದರ ಪರವಾಗಿ ಗಟ್ಟಿಯಾಗಿ ನಿಂತರು. ಅಲ್ಲಿಯವರೆಗೆ ಪಂಚಮರ ಮಕ್ಕಳಿಗೆಂದು ಬೇರೆ ಶಾಲೆಗಳಿದ್ದವು. ಆದೇಶ ಒಂದು ದಿನದ್ದು, ಚಾಪೆ ಒಂದಾಗುವುದು ತಲೆಮಾರುಗಳದ್ದು. ತಾಂಡಾ, ಗೊಲ್ಲರಹಟ್ಟಿ, ಕೇರಿಗಳ ಮಕ್ಕಳು ಊರ ಶಾಲೆಯ ನಡುಸಾಲಿಗೆ ಬರಲು ಸ್ವಾತಂತ್ರ್ಯಾನಂತರದ ಹಲವು ದಶಕಗಳು ಹಿಡಿದವು.

ನಲಿ-ಕಲಿ

ಇಂದಿನ ತರಗತಿ ಬಳಗದ ಬುನಾದಿ ಬಿದ್ದದ್ದು ಈ ಸೀಮೆಯಲ್ಲಲ್ಲ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ. ಅಲ್ಲಿನ ಶಿಕ್ಷಕರ ತಂಡವೊಂದು ಆಂಧ್ರದ ಮದನಪಲ್ಲಿ ಬಳಿಯ ಋಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿಬಂದು, ಯುನಿಸೆಫ್ ನೆರವಿನಿಂದ 1995ರಲ್ಲಿ ನಲಿ-ಕಲಿ ಆರಂಭಿಸಿತು. ಆ ದಶಕದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ ಮೈಸೂರು, ಮಂಡ್ಯ, ಕೋಲಾರ, ಬೆಳಗಾವಿ ಮುಂತಾದ ಜಿಲ್ಲೆಗಳಿಗೆ ಬಂತು. ಚಿಕ್ಕಮಗಳೂರು ಆ ಪಟ್ಟಿಯಲ್ಲಿರಲಿಲ್ಲ. ಕಡೂರು ತಾಲ್ಲೂಕಿನ ಕಡೂರು, ಬೀರೂರು ಎಂಬ ಎರಡು ಶೈಕ್ಷಣಿಕ ವಲಯಗಳಿಗೂ ತರೀಕೆರೆ ವಲಯಕ್ಕೂ ನಲಿ-ಕಲಿ ನಿಯಮವಾಗಿ ಬಂದದ್ದು 2009-10ರಲ್ಲಿ, ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಒಂದು, ಎರಡನೇ ತರಗತಿಗೆ ಅದನ್ನು ವಿಸ್ತರಿಸಿದಾಗ. ಆಮೇಲೆ ಮೂರನೆಯದೂ ಸೇರಿತು.

ಮೂರು ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ನೆಲದಲ್ಲಿ ಅಥವಾ ತಗ್ಗಿನ ಮೇಜಿನ ಸುತ್ತ, ತಟ್ಟೆ ಎಂದು ಕರೆಯುವ ಗುಂಪುಗಳಲ್ಲಿ ಕೂರುತ್ತಾರೆ. ಮೊದಲ ತಟ್ಟೆಗಳಲ್ಲಿ ಮೇಷ್ಟ್ರ ಸಹಾಯ, ಮುಂದಿನವುಗಳಲ್ಲಿ ಸಹಪಾಠಿಗಳ ಸಹಾಯ, ಕೊನೆಗೆ ಸ್ವಕಲಿಕೆ. ಮಗು ಕಾರ್ಡು ತೆಗೆದುಕೊಂಡು ಕೆಲಸ ಮುಗಿಸಿ, ಕಲಿಕಾ ಏಣಿಯಲ್ಲಿ ಮುಂದಿನ ಮೆಟ್ಟಿಲು ನೋಡಿ, ತಾನೇ ಎದ್ದು ಬೇರೆ ತಟ್ಟೆಗೆ ಹೋಗುತ್ತದೆ. ಒಂದು ವಾರ ಜ್ವರದಲ್ಲಿ ಮಲಗಿದ್ದ ಮಗು ಬಂದಾಗ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಹಿಂದುಳಿದವನೆಂಬ ಬಿರುದು ಹೊರಬೇಕಿಲ್ಲ. ತಲೆಯ ಮೇಲೆ ದಾರ ಕಟ್ಟಿ ಮಕ್ಕಳ ಚಿತ್ರ, ಬರಹ ತೂಗುಹಾಕುವ ಕಲಿಕಾ ಚಪ್ಪರ, ಬಿಸಿಲೋ ಮೋಡವೋ ಎಂದು ದಿನಾ ಮಕ್ಕಳೇ ಗುರುತು ಹಾಕುವ ಹವಾಮಾನ ನಕ್ಷೆ, ಗೋಡೆಯ ಕೆಳಭಾಗದಲ್ಲಿ ಒಬ್ಬೊಬ್ಬರಿಗೂ ಒಂದು ತುಂಡು ಕಪ್ಪುಹಲಗೆ. ಕೈಗೆ ಎಟಕುವ ಎತ್ತರದಲ್ಲಿ ಎಲ್ಲವನ್ನೂ ಇಟ್ಟದ್ದೇ ಈ ಪದ್ಧತಿಯ ಅತಿ ದೊಡ್ಡ ಸುಧಾರಣೆ ಎಂದರೆ ಉತ್ಪ್ರೇಕ್ಷೆಯಾಗದು.

ಅಜ್ಜ ಅಜ್ಜಿಯರಿಗೆ ಗಲಿಬಿಲಿಯಾದದ್ದು ಅಕ್ಷರಗಳ ವಿಷಯದಲ್ಲಿ. ಅ ಆ ಇ ಈ ಬಿಟ್ಟು ರ, ಗ, ಸ, ದ, ಅ ಎಂದು ಕಲಿಕೆ ಆರಂಭವಾಗುತ್ತದೆ. ಬರೆಯಲು ಸುಲಭವಾದ, ಕೂಡಲೇ ಪದ ಕಟ್ಟಬಲ್ಲ ಅಕ್ಷರಗಳು ಮೊದಲು. ಐದು ಕಲಿತರೆ ಅಗಸ, ಸರ, ಗರಗಸ ಓದಬಹುದು. ಎರಡನೆಯ ಗಂಟು ಜ, ವ, ಮ, ಬ, ನ. ನಲಿ-ಕಲಿಯನ್ನು ದೂರುವವರ ವಾದದಲ್ಲೂ ಹುರುಳಿದೆ. ಒಬ್ಬರೇ ಮೇಷ್ಟ್ರು ಮೂವತ್ತು ಮಕ್ಕಳ ಏಣಿಯ ಲೆಕ್ಕ ಇಡುವುದು ಕಷ್ಟ, ಕಳೆದುಹೋದ ಕಾರ್ಡು ಬೇಗ ಬರುವುದಿಲ್ಲ, ಮನೆಗೆ ಪುಸ್ತಕ ಬಾರದಿದ್ದರೆ ಓದೇ ನಡೆದಿಲ್ಲವೆಂದು ಪೋಷಕರು ತಿಳಿಯುತ್ತಾರೆ. ನಾಲ್ಕನೇ ತರಗತಿಗೆ ಬಂದ ಮಗು ಮತ್ತೆ ಸಾಲಿನಲ್ಲಿ ಕೂತು ಕಪ್ಪುಹಲಗೆ ನೋಡಬೇಕು. ಆ ಹಠಾತ್ ತಿರುವಿಗೆ ಯೋಜನೆಯೊಳಗೆ ಸರಿಯಾದ ಉತ್ತರವಿಲ್ಲ.

ಬೆತ್ತಕ್ಕೆ ಕಾನೂನಿನ ತಡೆ ಬಂದದ್ದೂ ಇದೇ ವೇಳೆಗೆ. 2010ರ ಏಪ್ರಿಲ್ 1ರಂದು ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿತು. ಮೇಷ್ಟ್ರೇ ಮಕ್ಕಳ ನಡುವೆ ನೆಲದಲ್ಲಿ ಕೂತ ತರಗತಿಯಲ್ಲಿ ಬೆತ್ತಕ್ಕೆ ಕೆಲಸ ಆಗಲೇ ಕಡಿಮೆಯಾಗಿತ್ತು.

ಊಟ, ಸಭೆ, ಗುಳೆ

ಅಕ್ಷರ ದಾಸೋಹದ ಬಿಸಿಯೂಟ 2002ರ ಜೂನ್‌ನಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಮೊದಲಾಗಿ 2003ರಲ್ಲಿ ಉಳಿದ ಜಿಲ್ಲೆಗಳಿಗೂ ಬಂತು. ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವುದು ಹಳೆಯ ಆದೇಶಗಳು ಮಾಡಲಾರದ ಕೆಲಸ ಮಾಡಿದೆ. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ ಹಾಲು, ಈಚೆಗೆ ಮೊಟ್ಟೆ ಸೇರಿವೆ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಬೇರೆ ಬೇರೆ ತಿಂದರೂ ಜೊತೆಗೆ ಕೂರುವುದನ್ನು ಆರು ವರ್ಷದ ಮಗು ಇಲ್ಲಿ ಕಲಿಯುತ್ತದೆ. ಅಡುಗೆಯವರು ಊರಿನ ಹೆಂಗಸರೇ ಆದ್ದರಿಂದ ಯಾವ ಮಗು ಉಣ್ಣಲಿಲ್ಲ ಎಂಬುದು ಮೇಷ್ಟ್ರಿಗಿಂತ ಮೊದಲು ಅವರಿಗೆ ಗೊತ್ತಾಗುತ್ತದೆ.

2001ರಲ್ಲಿ ರೂಪುಗೊಂಡ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಪೋಷಕರನ್ನು ಶಾಲೆಯ ಒಳಗೆ ತಂದಿತು. ಮಕ್ಕಳ ಸಂಸತ್ತಿನ ಆಹಾರ ಮಂತ್ರಿ, ಸ್ವಚ್ಛತಾ ಮಂತ್ರಿಗಳು ಹಲವು ಕಡೆ ಹೆಸರಿಗಷ್ಟೇ ಇದ್ದರೂ ನಡೆಸುವ ಮೇಷ್ಟ್ರಿದ್ದರೆ ಒಳ್ಳೆಯ ಏರ್ಪಾಟು. ಬೆಳಗಿನ ಪ್ರಾರ್ಥನೆಯಲ್ಲಿ ನಾಡಗೀತೆ, ದಿನಪತ್ರಿಕೆಯ ಸುದ್ದಿ, ಗಾದೆಗಳ ಜೊತೆಗೆ 2023ರಿಂದ ಸಂವಿಧಾನ ಪೀಠಿಕೆಯ ಓದೂ ಇದೆ.

ಈ ಬಯಲಿಗೇ ಸೇರಿದ ತೊಡಕೆಂದರೆ ಗುಳೆ. ಮಳೆ ಕೈಕೊಟ್ಟ ವರ್ಷ ಕೂಲಿಯ ಕುಟುಂಬಗಳು ಕಾಫಿ ಕೊಯ್ಲಿಗೆ ಮಲೆನಾಡಿನ ತೋಟಗಳಿಗೆ ಹೋಗುತ್ತವೆ. ಮಕ್ಕಳೂ ಜೊತೆಗೆ ಹೋದರೆ ಬಳಗ ಅರ್ಧ ವರ್ಷದಲ್ಲಿ ಒಡೆಯುತ್ತದೆ. ಮರಳಿ ಬಂದ ಮಗುವನ್ನು ನಿಂತ ಮೆಟ್ಟಿಲಿನಿಂದಲೇ ಎತ್ತಿಕೊಳ್ಳುವ ಏಣಿಯ ಪದ್ಧತಿ ಇಂಥ ಊರುಗಳಿಗೆ ಹೇಳಿ ಮಾಡಿಸಿದ್ದು.

ಕೋವಿಡ್ ಮತ್ತು ಆಮೇಲೆ

2020ರ ಆಗಸ್ಟ್‌ನಲ್ಲಿ ವಿದ್ಯಾಗಮ ಯೋಜನೆಯಡಿ ಮೇಷ್ಟ್ರುಗಳೇ ಮಕ್ಕಳಿದ್ದಲ್ಲಿಗೆ ಹೋಗಿ ಗುಡಿಯ ಪ್ರಾಂಗಣ, ಸಮುದಾಯ ಭವನ, ಮರದ ನೆರಳಿನಲ್ಲಿ ಪಾಠ ಮಾಡಿದರು. ಕೂಲಿಮಠ ನಡೆಯುತ್ತಿದ್ದಂಥ ಜಾಗಗಳೇ ಮತ್ತೆ ಶಾಲೆಯಾದವು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದು ನಿಂತಿತು. ಒಂದರಿಂದ ಐದನೇ ತರಗತಿಯವರು ಕೋಣೆಗೆ ಮರಳಿದ್ದು 2021ರ ಅಕ್ಟೋಬರ್ 25ರಂದು. ಎರಡನೇ ತರಗತಿಯ ವಯಸ್ಸಿಗೆ ಬಂದರೂ ಒಂದು ದಿನವೂ ಶಾಲೆಯಲ್ಲಿ ಕೂತಿರದ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಜೊತೆಗೆ ಕೂರುವುದನ್ನು ಕಲಿಸಬೇಕಾಯಿತು. 2022-23ರ ಕಲಿಕಾ ಚೇತರಿಕೆ ಹಾಳೆಗಳು ಬಿಟ್ಟುಹೋದ ಪಾಠಕ್ಕೆ ಹೆಚ್ಚು ಗಮನ ಕೊಟ್ಟವು. ಕೂಡಿ ಬಾಳುವ ಕೆಲಸ ಮೇಷ್ಟ್ರು, ಮಿಸ್ಸುಗಳ ಪಾಲಿಗೆ ಉಳಿಯಿತು.

ಈಗಿನ ಪ್ರಶ್ನೆ ಸಂಖ್ಯೆಯದು. ಬೀರೂರು, ಕಡೂರು, ತರೀಕೆರೆಯ ಖಾಸಗಿ ಶಾಲೆಗಳ ಹಳದಿ ಬಸ್ಸು ಹಳ್ಳಿಯ ಬಾಗಿಲಿಗೇ ಬರುತ್ತದೆ. ಅದನ್ನು ಎದುರಿಸಲು 2019ರಿಂದ ಆಯ್ದ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ತೆರೆದಿವೆ, ಕರ್ನಾಟಕ ಪಬ್ಲಿಕ್ ಶಾಲೆಗಳು ಒಂದೇ ಆವರಣದಲ್ಲಿ ಎಲ್ಲ ಹಂತಗಳನ್ನು ಕೂಡಿಸುತ್ತಿವೆ. ಹತ್ತು ಹನ್ನೆರಡು ಮಕ್ಕಳ ಕಿರಿಯ ಪ್ರಾಥಮಿಕ ಶಾಲೆ ಆಡಳಿತದ ಕಣ್ಣಿಗೆ ನಷ್ಟದ ಬಾಬ್ತು. ಆದರೆ ಅಕ್ಕ ತಮ್ಮನಿಗೆ ಕಾರ್ಡು ಓದಿಸುವಷ್ಟು ಚಿಕ್ಕದಾದ, ಮೇಷ್ಟ್ರಿಗೆ ಪ್ರತಿ ಮನೆಯ ಪರಿಸ್ಥಿತಿ ತಿಳಿದಿರುವ ಬಳಗ ಇನ್ನೂ ಉಳಿದಿರುವುದು ಹೆಚ್ಚಾಗಿ ಇಂಥ ಶಾಲೆಗಳಲ್ಲೇ.